ಗುರುವಿನ ಮೇಲಿರುವ ಋಣ

ಶಿಷ್ಯನು ಗುರುವಿಗೆ ಏನನ್ನು ಸಲ್ಲಿಸಬೇಕು ಎಂಬುದನ್ನು ಕುರಿತು ನೀತಿಚಿಂತನೆಯು ಬಹಳಷ್ಟು ಹೇಳಿದೆ. ಕಲಿಕೆಯ ಅವಧಿ ಮುಗಿದು ಇಬ್ಬರೂ ಬೇರೆ ಬೇರೆ ದಾರಿ ಹಿಡಿದ ಮೇಲೆ ಗುರುವು ಶಿಷ್ಯನಿಗೆ ಏನನ್ನಾದರೂ ಸಲ್ಲಿಸಬೇಕಾಗಿದೆಯೇ ಎಂಬುದನ್ನು ಕುರಿತು ಅದು ಹೇಳಿರುವುದು ಕಡಿಮೆ. ಈ ಎರಡನೆಯ ಪ್ರಶ್ನೆಯು ಅಮೆರಿಕದ ಫುಟ್‌ಬಾಲ್ ಜಗತ್ತಿನಲ್ಲಿ ಬಹಳ ಸ್ಪಷ್ಟವಾದ ರೂಪದಲ್ಲಿ ಎದುರಾಗುತ್ತದೆ. ಅಲ್ಲಿ ವಿಶ್ವವಿದ್ಯಾಲಯದ ತಂಡವನ್ನು ನಡೆಸುತ್ತಿದ್ದ ತರಬೇತುದಾರನು ವೃತ್ತಿಪರ ತಂಡವೊಂದಕ್ಕೆ ಹೋಗಿ ಸೇರುತ್ತಾನೆ. ಕೆಲವೇ ತಿಂಗಳಲ್ಲಿ, ತಾನೇ ತಿದ್ದಿ ಬೆಳೆಸಿದ ಹುಡುಗರ ಹೆಸರುಗಳಿರುವ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಇವರಲ್ಲಿ ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸಲು ಕೂರುತ್ತಾನೆ. ಹಳೆಯ ಸಂಬಂಧದ ಕಾರಣಕ್ಕಾಗಿಯೇ ಒಬ್ಬನ ಹಿತವನ್ನು ಇತರರ ಹಿತಕ್ಕಿಂತ ಹೆಚ್ಚಾಗಿ ಎಣಿಸುವ ಸಿದ್ಧತೆಯನ್ನು ನಿಷ್ಠೆಯೆಂದು ಕರೆಯುವುದಾದರೆ, ಆ ಗಳಿಗೆಯಲ್ಲಿ ತರಬೇತುದಾರನಿಂದ ಅಂಥ ನಿಷ್ಠೆಯನ್ನು ನಿರೀಕ್ಷಿಸುವ ಹಕ್ಕು ಆಟಗಾರನಿಗೆ ಇದೆಯೇ ಎಂಬುದು ಇಲ್ಲಿನ ವಿಚಾರ.

ಡ್ರಾಫ್ಟ್ ಎಂದು ಕರೆಯಲಾಗುವ ಈ ಆಯ್ಕೆಯ ಪದ್ಧತಿಯನ್ನು 1935ರಲ್ಲಿ ಸೂಚಿಸಿದವರು ಫಿಲಡೆಲ್ಫಿಯಾ ತಂಡದ ಬರ್ಟ್ ಬೆಲ್. ಮೊದಲ ಡ್ರಾಫ್ಟ್ ನಡೆದದ್ದು 1936ರಲ್ಲಿ. ಹಿಂದಿನ ಋತುವಿನಲ್ಲಿ ಅತ್ಯಂತ ಕೆಳಗಿದ್ದ ತಂಡವು ಮೊದಲು ಆರಿಸಿಕೊಳ್ಳುತ್ತದೆ, ಪ್ರಶಸ್ತಿ ಗೆದ್ದ ತಂಡವು ಸುತ್ತಿನ ಕೊನೆಯಲ್ಲಿ ಆರಿಸಿಕೊಳ್ಳುತ್ತದೆ. ಹೀಗೆ ಇಂದು ರಾಷ್ಟ್ರೀಯ ಫುಟ್‌ಬಾಲ್ ಲೀಗಿನ 32 ತಂಡಗಳು ಏಳು ಸುತ್ತುಗಳಲ್ಲಿ ವಿಶ್ವವಿದ್ಯಾಲಯಗಳಿಂದ ಹೊರಬರುವ ಆಟಗಾರರನ್ನು ಹಂಚಿಕೊಳ್ಳುತ್ತವೆ. ಕನ್ನಡದ ಓದುಗರಿಗೆ ಪರಿಚಿತವಾದ ಐಪಿಎಲ್ ಹರಾಜಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಹರಾಜಿನಲ್ಲಿ ಹಣವಿರುವವರೆಗೆ ಯಾವ ತಂಡವಾದರೂ ಯಾವ ಆಟಗಾರನಿಗಾದರೂ ಕೂಗಬಹುದು. ಡ್ರಾಫ್ಟಿನಲ್ಲಿ ಕೂಗುವ ಮಾತೇ ಇಲ್ಲ, ಇರುವುದು ಸರದಿ ಮಾತ್ರ, ಮತ್ತು ಒಂದು ಸರದಿಯನ್ನು ಒಬ್ಬನ ಮೇಲೆ ಬಳಸಿದರೆ ಅದು ಇನ್ನೊಬ್ಬನ ಪಾಲಿಗೆ ಇಲ್ಲವಾಗುತ್ತದೆ. ಆಟಗಾರನಿಗಂತೂ ತಂಡವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಕರೆದವರ ಕಡೆಗೆ ಹೋಗಬೇಕು, ಕರೆಯುವವರೆಗೆ ಕಾಯಬೇಕು. ಕಾದಷ್ಟೂ, ಅಂದರೆ ಸುತ್ತು ಕೆಳಗಿಳಿದಷ್ಟೂ, ಕೈಗೆ ಬರುವ ಹಣವೂ ತಂಡದಲ್ಲಿ ನೆಲೆಯೂರಲು ಸಿಗುವ ಕಾಲಾವಕಾಶವೂ ಕಡಿಮೆಯಾಗುತ್ತವೆ.

ಈ ಪ್ರಶ್ನೆ ಎಲ್ಲರ ಕಿವಿಗೆ ಬೀಳುವಂತೆ ಎದ್ದದ್ದು 2010ರ ಏಪ್ರಿಲ್ ತಿಂಗಳಲ್ಲಿ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವನ್ನು 2001ರಿಂದ ಒಂಬತ್ತು ಋತುಗಳ ಕಾಲ ನಡೆಸಿ, ಅದನ್ನು ದೇಶದ ಅಗ್ರಪಂಕ್ತಿಗೆ ತಂದಿದ್ದ ಪೀಟ್ ಕ್ಯಾರಲ್ ಅವರು ಆ ವರ್ಷದ ಜನವರಿಯಲ್ಲಿ ಸಿಯಾಟಲ್ ಸೀಹಾಕ್ಸ್ ತಂಡದ ಮುಖ್ಯ ತರಬೇತುದಾರರಾದರು. ಅವರ ಕೈಕೆಳಗೆ ನಾಲ್ಕು ವರ್ಷ ಆಡಿ, ಮೂರು ಬಾರಿ ದೇಶದ ಅತ್ಯುತ್ತಮ ಆಟಗಾರರ ಪಟ್ಟಿಯಲ್ಲಿ ಸ್ಥಾನ ಪಡೆದಿದ್ದ ಟೇಲರ್ ಮೇಸ್ ಅವರು ಅದೇ ಡ್ರಾಫ್ಟಿನಲ್ಲಿದ್ದರು. ಮೇಸ್ ಅವರು ಸೇಫ್ಟಿ, ಅಂದರೆ ರಕ್ಷಣಾ ವ್ಯೂಹದ ಕಟ್ಟಕಡೆಯಲ್ಲಿ ನಿಂತು, ಮುಂದಿನವರನ್ನು ದಾಟಿ ಬಂದ ಎದುರಾಳಿಯನ್ನು ತಡೆಯುವ ಆಟಗಾರ. ಒಂದು ವರ್ಷ ಮುಂಚೆಯೇ ಡ್ರಾಫ್ಟಿಗೆ ಹೋಗಿದ್ದರೆ ಮೊದಲ ಸುತ್ತಿನಲ್ಲೇ ಆಯ್ಕೆಯಾಗುವರೆಂದು ಅನೇಕರು ಎಣಿಸಿದ್ದ ಕಾಲದಲ್ಲಿ ಅವರು ವಿಶ್ವವಿದ್ಯಾಲಯದಲ್ಲೇ ಉಳಿದಿದ್ದರು. ಅವರು ಹೈಸ್ಕೂಲು ಓದಿದ್ದು ಸಿಯಾಟಲ್ ನಗರದಲ್ಲೇ, ಆ ತಂಡಕ್ಕೆ ಆಗ ಬೇಕಾಗಿದ್ದುದೂ ಒಬ್ಬ ಸೇಫ್ಟಿಯೇ. ಮೊದಲ ಸುತ್ತಿನಲ್ಲಿ ಸಿಯಾಟಲ್‌ಗೆ ಎರಡು ಸರದಿಗಳಿದ್ದವು. ಆರನೆಯದರಲ್ಲಿ ರಸೆಲ್ ಓಕುಂಗ್ ಅವರನ್ನೂ, ಹದಿನಾಲ್ಕನೆಯದರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಸೇಫ್ಟಿ ಅರ್ಲ್ ಥಾಮಸ್ ಅವರನ್ನೂ ತಂಡ ಆರಿಸಿಕೊಂಡಿತು. ಮೇಸ್ ಅವರ ಹೆಸರು ಬಂದದ್ದು ಮರುದಿನ, 49ನೆಯ ಆಯ್ಕೆಯಾಗಿ. ಕರೆದದ್ದು ಸಿಯಾಟಲ್‌ಗೆ ವರ್ಷಕ್ಕೆ ಎರಡು ಬಾರಿ ಎದುರಾಗುವ ಸ್ಯಾನ್ ಫ್ರಾನ್ಸಿಸ್ಕೊ ತಂಡ. ಆಗ ಅವರು ತಮ್ಮ ನೋವನ್ನು ಮುಚ್ಚಿಡಲಿಲ್ಲ. ತನ್ನನ್ನು ಆರಿಸಲಿಲ್ಲ ಎಂಬುದಕ್ಕಿಂತ ಮಿಗಿಲಾಗಿ, ಕಲಿಕೆಯ ವರ್ಷಗಳಲ್ಲಿ ಕ್ಯಾರಲ್ ಅವರು ತನ್ನ ಆಟದ ಬಗೆಗೆ ಹೇಳಿದ್ದಕ್ಕೂ ಆಯ್ಕೆಯ ಹೊತ್ತಿನಲ್ಲಿ ನಡೆದುಕೊಂಡದ್ದಕ್ಕೂ ಹೊಂದಿಕೆಯಿಲ್ಲ ಎಂಬುದು ಅವರ ಆರೋಪದ ತಿರುಳಾಗಿತ್ತು.

ಇಂಥ ಆರೋಪಕ್ಕೆ ಸಿದ್ಧವಾಗಿರುವ ಉತ್ತರವೊಂದಿದೆ: ಇದು ವ್ಯವಹಾರ, ಇಲ್ಲಿ ಅರ್ಹತೆಯೊಂದೇ ಮಾನದಂಡ, ಹಳೆಯ ನಂಟಿಗೆ ಇಲ್ಲಿ ಜಾಗವಿಲ್ಲ. ಇಂಗ್ಲೆಂಡಿನ ವಿಲಿಯಂ ಗಾಡ್ವಿನ್ ಅವರು 1793ರಲ್ಲಿ ಪ್ರಕಟಿಸಿದ ರಾಜಕೀಯ ನ್ಯಾಯವನ್ನು ಕುರಿತ ಗ್ರಂಥದಲ್ಲಿ, ಬೆಂಕಿ ಬಿದ್ದ ಮನೆಯಿಂದ ಒಬ್ಬರನ್ನು ಮಾತ್ರ ಉಳಿಸಲು ಸಾಧ್ಯವಾದರೆ ಲೋಕಕ್ಕೆ ಹೆಚ್ಚು ಉಪಕಾರಿಯಾದ ಧರ್ಮಗುರು ಫೆನೆಲೋನ್ ಅವರನ್ನೇ ಉಳಿಸಬೇಕೆಂದೂ, ಅಲ್ಲಿರುವ ಮನೆಗೆಲಸದ ಹೆಂಗಸು ಉಳಿಸುವವನ ಸ್ವಂತ ತಾಯಿಯಾಗಿದ್ದರೂ ತೀರ್ಮಾನ ಬದಲಾಗಬಾರದೆಂದೂ ವಾದಿಸಿದ್ದರು. ಯಾರ ಹಿತವನ್ನೂ ನಂಟಿನ ಕಾರಣಕ್ಕೆ ಹೆಚ್ಚು ತೂಗಬಾರದೆಂಬ ಈ ನಿಲುವನ್ನು ನಿಷ್ಪಕ್ಷಪಾತವಾದ ಎನ್ನಬಹುದು. ಡ್ರಾಫ್ಟಿನ ಕೋಣೆಯು ತನ್ನನ್ನು ತಾನು ಅಂಥದೊಂದು ಸ್ಥಳವೆಂದೇ ಭಾವಿಸಿಕೊಳ್ಳುತ್ತದೆ. ಆದರೆ ಈ ಉತ್ತರವನ್ನು ಕೊಡುವ ಅಧಿಕಾರ ವಿಶ್ವವಿದ್ಯಾಲಯದಿಂದ ಬಂದ ತರಬೇತುದಾರನಿಗೆ ಇತರರಿಗಿರುವಷ್ಟು ಸುಲಭವಾಗಿ ದಕ್ಕುವುದಿಲ್ಲ, ಏಕೆಂದರೆ ಅವನು ಆ ಹುಡುಗನನ್ನು ಮೊದಲು ಪಡೆದದ್ದು ವ್ಯವಹಾರದ ಮಾತಿನಿಂದಲ್ಲ. ಹದಿನೇಳು ವರ್ಷದ ಹುಡುಗನ ಮನೆಗೆ ತರಬೇತುದಾರನೇ ಬರುತ್ತಾನೆ. ನಡುಮನೆಯಲ್ಲಿ ಕುಳಿತು, ತಾಯಿ ಮುಂದಿಟ್ಟದ್ದನ್ನು ತಿಂದು, ನಿಮ್ಮ ಮಗನನ್ನು ನನ್ನ ಮಗನಂತೆ ನೋಡಿಕೊಳ್ಳುತ್ತೇನೆ, ನಮ್ಮ ತಂಡವೆಂದರೆ ಒಂದು ಕುಟುಂಬ ಎನ್ನುತ್ತಾನೆ. ಅಮೆರಿಕದ ವಿಶ್ವವಿದ್ಯಾಲಯಗಳ ಆಟಗಾರ ಸಂಗ್ರಹವು ದಶಕಗಳಿಂದ ನಡೆದುಬಂದಿರುವುದೇ ಈ ಭಾಷೆಯಲ್ಲಿ. ಹುಡುಗನು ಬೇಕಾಗಿದ್ದಾಗ ಕುಟುಂಬದ ಮಾತನ್ನೂ, ಬೇಡವಾದಾಗ ವ್ಯಾಪಾರದ ಮಾತನ್ನೂ ಆಡುವವನು ಎರಡು ಧರ್ಮಗಳಲ್ಲಿ ಯಾವುದನ್ನೂ ಪಾಲಿಸುತ್ತಿಲ್ಲ.

ಇದಕ್ಕಿಂತಲೂ ಆಳವಾದ ಕಾರಣವೊಂದಿದೆ. ಭಾರತೀಯ ಪರಂಪರೆಯಲ್ಲಿ ಋಣವು ಶಿಷ್ಯನ ಕಡೆಯಿಂದ ಗುರುವಿನ ಕಡೆಗೆ ಹರಿಯುತ್ತದೆ; ದೇವಋಣ, ಪಿತೃಋಣಗಳ ಜೊತೆಗೆ ಹೇಳಲಾಗುವ ಋಷಿಋಣವೆಂದರೆ ಜ್ಞಾನವನ್ನು ಕೊಟ್ಟವರಿಗೆ ಸಲ್ಲಬೇಕಾದದ್ದು, ಅದು ತೀರುವುದು ಅಧ್ಯಯನದಿಂದ ಮತ್ತು ಕಲಿತದ್ದನ್ನು ಮುಂದಿನವರಿಗೆ ಕಲಿಸುವುದರಿಂದ. ಅರಿಸ್ಟಾಟಲ್ ಕೂಡ ತನ್ನ ನೀತಿಶಾಸ್ತ್ರದ ಒಂಬತ್ತನೆಯ ಭಾಗದಲ್ಲಿ, ತತ್ವಜ್ಞಾನವನ್ನು ಕಲಿಸಿದವರಿಗೆ ಹಣದಿಂದ ಬೆಲೆ ಕಟ್ಟಲಾಗದು, ಯಾವ ಗೌರವವೂ ಅದಕ್ಕೆ ಸರಿದೂಗದು ಎಂದು ಹೇಳುತ್ತಾನೆ. ಅಮೆರಿಕದ ವಿಶ್ವವಿದ್ಯಾಲಯಗಳ ಫುಟ್‌ಬಾಲಿನಲ್ಲಿ ಈ ಹರಿವು ತಿರುಗಿ ನಿಂತಿದೆ. ಅಲ್ಲಿ ಆಟಗಾರನಿಗೆ ದೊರೆಯುತ್ತಿದ್ದುದು ಶುಲ್ಕ, ವಸತಿ, ಊಟಗಳ ವಿದ್ಯಾರ್ಥಿವೇತನ ಮಾತ್ರ. ತನ್ನ ಹೆಸರು ಮತ್ತು ಮುಖವನ್ನು ಬಳಸಿ ಹಣ ಗಳಿಸಲು ಅವನಿಗೆ ಅನುಮತಿ ಸಿಕ್ಕಿದ್ದು 2021ರ ಜುಲೈ ತಿಂಗಳಲ್ಲಿ. ಅದೇ ಕಾಲದಲ್ಲಿ ತರಬೇತುದಾರರ ವೇತನವು ವರ್ಷಕ್ಕೆ ಹಲವು ಮಿಲಿಯನ್ ಡಾಲರುಗಳಿಗೆ ಏರಿತು; ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರೆಲ್ಲರ ಪೈಕಿ ಅತ್ಯಧಿಕ ವೇತನ ಇರುವುದು ಯಾವುದಾದರೊಂದು ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ತರಬೇತುದಾರನಿಗೇ. ವೃತ್ತಿಪರ ತಂಡವೊಂದು ಆ ತರಬೇತುದಾರನನ್ನು ಕರೆದೊಯ್ಯುವುದು ಅವನು ಗೆದ್ದ ಪಂದ್ಯಗಳನ್ನು ನೋಡಿ. ಆ ಪಂದ್ಯಗಳನ್ನು ಗೆದ್ದದ್ದು ಮೊಣಕಾಲು, ಹೆಗಲು, ತಲೆಗಳನ್ನು ಪಣಕ್ಕಿಟ್ಟ ಹುಡುಗರು. ಗುರುದಕ್ಷಿಣೆಯನ್ನು ಅವರು ಮುಂಗಡವಾಗಿಯೇ, ಅದೂ ದೇಹದಲ್ಲಿ, ಸಲ್ಲಿಸಿಬಿಟ್ಟಿದ್ದಾರೆ. ಹಾಗಾಗಿ ಇಲ್ಲಿ ಉಪಕಾರ ಪಡೆದವನು ಗುರು, ಕೃತಜ್ಞತೆ ಸಲ್ಲಬೇಕಾದದ್ದು ಶಿಷ್ಯನಿಗೆ.

ಋಣವಿದೆ ಎಂದು ಒಪ್ಪಿದ ಮಾತ್ರಕ್ಕೆ ಅದು ಯಾವ ಬಗೆಯದು, ಯಾವುದರಿಂದ ತೀರುತ್ತದೆ ಎಂಬುದು ಇತ್ಯರ್ಥವಾಗುವುದಿಲ್ಲ. ಸ್ಕಾಟ್ಲೆಂಡಿನ ತತ್ವಜ್ಞಾನಿ ಡಬ್ಲ್ಯು. ಡಿ. ರಾಸ್ ಅವರು 1930ರಲ್ಲಿ ಮಂಡಿಸಿದ ಸಿದ್ಧಾಂತವು ಇಲ್ಲಿ ನೆರವಾಗುತ್ತದೆ. ಮನುಷ್ಯನ ಕರ್ತವ್ಯಗಳು ಒಂದೇ ಮೂಲ ನಿಯಮದಿಂದ ಹುಟ್ಟುವುದಿಲ್ಲ. ಕೊಟ್ಟ ಮಾತಿನಿಂದ ಒಂದು, ಮಾಡಿದ ಕೇಡಿನಿಂದ ಒಂದು, ಪಡೆದ ಉಪಕಾರದಿಂದ ಒಂದು, ನ್ಯಾಯದಿಂದ ಮತ್ತೊಂದು ಹೀಗೆ ಬೇರೆ ಬೇರೆ ಸಂಬಂಧಗಳಿಂದ ಬೇರೆ ಬೇರೆ ಕರ್ತವ್ಯಗಳು ಹುಟ್ಟುತ್ತವೆ. ಅವುಗಳಲ್ಲಿ ಪ್ರತಿಯೊಂದೂ ಮೇಲ್ನೋಟದ ಕರ್ತವ್ಯ, ಅಂದರೆ ಅದಕ್ಕಿಂತ ಬಲವಾದ ಇನ್ನೊಂದು ಅಡ್ಡ ಬರದಿದ್ದರೆ ಪಾಲಿಸಲೇಬೇಕಾದದ್ದು ಎಂಬುದು ಅವರ ನಿಲುವು. ಒಂದು ಕರ್ತವ್ಯವು ಇನ್ನೊಂದಕ್ಕೆ ಸೋತರೂ ಅಳಿಸಿಹೋಗುವುದಿಲ್ಲ ಎಂಬುದೇ ಈ ಸಿದ್ಧಾಂತದ ಬೆಲೆಯುಳ್ಳ ಅಂಶ. ಕ್ಯಾರಲ್ ಅವರ ಸ್ಥಾನದಲ್ಲಿರುವವನ ಮೇಲೆ ಆಟಗಾರನ ಉಪಕಾರದ ಋಣವಿದೆ, ಅವನಿಗೆ ಆಡಿದ ಮಾತುಗಳ ಋಣವಿದೆ. ಅದೇ ಹೊತ್ತಿಗೆ ಹೊಸ ತಂಡಕ್ಕೆ ಕೊಟ್ಟ ಮಾತಿದೆ, ಪಟ್ಟಿಯಲ್ಲಿರುವ ಇತರ ಆಟಗಾರರಿಗೆ ಸಲ್ಲಬೇಕಾದ ನ್ಯಾಯವೂ ಇದೆ. ಎಲ್ಲವನ್ನೂ ನಿಷ್ಠೆ ಎಂಬ ಒಂದೇ ಹೆಸರಿನಲ್ಲಿ ಕಲಸಿದರೆ ವಾದವು ಎಲ್ಲಿಗೂ ತಲುಪುವುದಿಲ್ಲ.

ಮೊದಲು ತೀರ್ಮಾನವಾಗಬೇಕಾದದ್ದು, ಡ್ರಾಫ್ಟಿನ ಸರದಿ ಯಾರದು ಎಂಬುದು. ಅದು ತರಬೇತುದಾರನ ಸ್ವತ್ತಲ್ಲ. ಸಿಯಾಟಲ್‌ನಲ್ಲಿ ಕ್ಯಾರಲ್ ಅವರಿಗೆ ಆಟಗಾರರ ಆಯ್ಕೆಯಲ್ಲಿ ದೊಡ್ಡ ಅಧಿಕಾರವಿದ್ದರೂ, ಅದೇ ಜನವರಿಯಲ್ಲಿ ನೇಮಕಗೊಂಡ ಜನರಲ್ ಮ್ಯಾನೇಜರ್ ಜಾನ್ ಶ್ನೈಡರ್ ಅವರ ಜೊತೆಗೂಡಿ ಬಳಸಬೇಕಾದ ಅಧಿಕಾರ ಅದಾಗಿತ್ತು. ಅದರ ಹಿಂದೆ ತಂಡದ ಒಡೆಯರ ನಂಬಿಕೆಯೂ, ಆ ಆಯ್ಕೆ ತಪ್ಪಿದರೆ ತಮ್ಮ ಅಲ್ಪಾವಧಿಯ ವೃತ್ತಿಜೀವನದ ಒಂದು ವರ್ಷವನ್ನು ಕಳೆದುಕೊಳ್ಳುವ ಐವತ್ತಕ್ಕೂ ಹೆಚ್ಚು ಆಟಗಾರರ ಬದುಕೂ ಇರುತ್ತವೆ. ಸಹಕಾರ ಸಂಘದ ಖಜಾಂಚಿಯು ತನ್ನ ಸ್ವಂತ ಸಾಲವನ್ನು ಸಂಘದ ಹಣದಿಂದ ತೀರಿಸಿದರೆ, ಸಾಲ ಎಷ್ಟೇ ನಿಜವಾದದ್ದಾಗಿದ್ದರೂ, ಸಾಲ ಕೊಟ್ಟವನು ಎಷ್ಟೇ ಬಡವನಾಗಿದ್ದರೂ, ಅದು ಸಾಲ ತೀರಿಸಿದ್ದೆನಿಸುವುದಿಲ್ಲ. ತರಬೇತುದಾರನ ಋಣ ವೈಯಕ್ತಿಕವಾದದ್ದು. ಅದನ್ನು ತೀರಿಸಲು ಅವನ ಬಳಿ ತನ್ನದೇ ಆದ ದ್ರವ್ಯವಿರಬೇಕು.

ಹೀಗಲ್ಲದೆ ಸರದಿಯಿಂದಲೇ ಋಣ ತೀರಿಸಹೊರಟರೆ ಅದು ಆಟಗಾರನಿಗೂ ಒಳಿತನ್ನೇ ಮಾಡುತ್ತದೆಂಬ ಭರವಸೆಯಿಲ್ಲ. 1989ರಲ್ಲಿ ಮಯಾಮಿ ವಿಶ್ವವಿದ್ಯಾಲಯದಿಂದ ಡಲ್ಲಾಸ್ ಕೌಬಾಯ್ಸ್ ತಂಡಕ್ಕೆ ಬಂದ ಜಿಮ್ಮಿ ಜಾನ್ಸನ್ ಅವರು, ಆ ಏಪ್ರಿಲ್ ತಿಂಗಳ ಡ್ರಾಫ್ಟಿನ ಮೊದಲ ಆಯ್ಕೆಯಾಗಿಯೇ ಟ್ರಾಯ್ ಏಕ್‌ಮನ್ ಅವರನ್ನು ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ, ಅಂದರೆ ದಾಳಿಯನ್ನು ನಡೆಸಿ ಚೆಂಡೆಸೆಯುವ ಸ್ಥಾನಕ್ಕೆ, ಪಡೆದಿದ್ದರು. ಅದೇ ವರ್ಷ ನಡೆದ ಪೂರಕ ಡ್ರಾಫ್ಟಿನಲ್ಲಿ ಅವರು, ಎರಡು ವರ್ಷ ಮುಂಚೆ ಮಯಾಮಿಗೆ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟಿದ್ದ ತಮ್ಮ ಹಳೆಯ ಕ್ವಾರ್ಟರ್‌ಬ್ಯಾಕ್ ಸ್ಟೀವ್ ವಾಲ್ಶ್ ಅವರನ್ನೂ ಆರಿಸಿಕೊಂಡರು. ಪೂರಕ ಡ್ರಾಫ್ಟಿನ ನಿಯಮದಂತೆ ಇದಕ್ಕೆ ತೆತ್ತ ಬೆಲೆ 1990ರ ಮೊದಲ ಸುತ್ತಿನ ಸರದಿ; ಡಲ್ಲಾಸ್ ಆ ಋತುವಿನಲ್ಲಿ 16 ಪಂದ್ಯಗಳಲ್ಲಿ ಒಂದನ್ನು ಮಾತ್ರ ಗೆದ್ದದ್ದರಿಂದ, ಕೈಬಿಟ್ಟುಹೋದ ಆ ಸರದಿ ಇಡೀ ಡ್ರಾಫ್ಟಿನ ಮೊದಲನೆಯದಾಗಿತ್ತು. ಗೆದ್ದ ಆ ಒಂದು ಪಂದ್ಯವನ್ನು, ನವೆಂಬರಿನಲ್ಲಿ ವಾಷಿಂಗ್ಟನ್ ತಂಡದ ಎದುರು, ಗಾಯಗೊಂಡ ಏಕ್‌ಮನ್ ಅವರ ಬದಲಿಗೆ ಆಡಿ ಗೆಲ್ಲಿಸಿದವರು ವಾಲ್ಶ್ ಅವರೇ ಎಂಬುದನ್ನು ಮರೆಯಬಾರದು. ಆದರೂ ಮುಂದಿನ ವರ್ಷವೇ ಅವರನ್ನು ನ್ಯೂ ಆರ್ಲಿಯನ್ಸ್ ತಂಡಕ್ಕೆ ಕೊಟ್ಟು ಬದಲಿಗೆ ಡ್ರಾಫ್ಟ್ ಸರದಿಗಳನ್ನು ಪಡೆಯಲಾಯಿತು. ಜಾನ್ಸನ್ ಅವರ ಆಯ್ಕೆಯಲ್ಲಿ ನಿಷ್ಠೆ ಎಷ್ಟು, ಲೆಕ್ಕಾಚಾರ ಎಷ್ಟು ಎಂಬುದನ್ನು ಹೊರಗಿನವರು ಅಳೆಯಲಾರರು; ಗುರುವಿನಿಂದ ಆಯ್ಕೆಯಾಗುವುದೇ ಶಿಷ್ಯನ ಪಾಲಿಗೆ ಶ್ರೇಯಸ್ಸು ಎಂಬ ಊಹೆ ಮಾತ್ರ ಇಲ್ಲಿ ನಿಲ್ಲುವುದಿಲ್ಲ. ಎರಡನೆಯ ಸಾಲಿನಲ್ಲಿ ಕೂರಿಸಲೆಂದೇ ಕರೆಯುವುದು ಉಪಕಾರವೋ ಅಪಕಾರವೋ ಎಂದು ಶಿಷ್ಯನನ್ನೇ ಕೇಳಬೇಕು.

ಮಹಾಭಾರತದ ದ್ರೋಣನಲ್ಲಿ ಈ ಪ್ರಶ್ನೆಯ ಎರಡು ಮುಖಗಳೂ ಕಾಣುತ್ತವೆ. ಅರ್ಜುನನಿಗಿಂತ ಮಿಗಿಲಾದ ಬಿಲ್ಲಾಳು ಇರಲಾರನೆಂಬ ಮಾತನ್ನು ಉಳಿಸಿಕೊಳ್ಳಲು ಅವನು ಏಕಲವ್ಯನ ಹೆಬ್ಬೆರಳನ್ನು ಕೇಳಿದ. ಮೆಚ್ಚಿನ ಶಿಷ್ಯನಿಗೆ ತೋರಿದ ನಿಷ್ಠೆಯ ಬೆಲೆಯನ್ನು ತೆತ್ತವನು ಮೂರನೆಯವನೊಬ್ಬ. ಸರದಿಯನ್ನು ಹಳೆಯ ನಂಟಿಗಾಗಿ ಬಳಸಿದಾಗ ಹೊರಗುಳಿಯುವ, ಹೆಸರೂ ಗೊತ್ತಾಗದ ಆಟಗಾರನು ಏಕಲವ್ಯನ ಸ್ಥಾನದಲ್ಲಿರುತ್ತಾನೆ. ಎರಡನೆಯ ಮುಖ ಕಾಣುವುದು ಭೀಷ್ಮಪರ್ವದಲ್ಲಿ. ಯುದ್ಧ ಆರಂಭವಾಗುವ ಮುನ್ನ ಧರ್ಮರಾಯನು ಆಯುಧವಿಲ್ಲದೆ ಎದುರು ಪಾಳೆಯಕ್ಕೆ ನಡೆದು ಬಂದು ಗುರುವಿನ ಅನುಮತಿಯನ್ನು ಬೇಡುತ್ತಾನೆ. ಕೌರವರ ಅರ್ಥಕ್ಕೆ ತಾನು ಕಟ್ಟುಬಿದ್ದಿರುವುದರಿಂದ ಅವರ ಪರವಾಗಿಯೇ ಕಾದುವೆನೆಂದು ದ್ರೋಣನು ಮರೆಮಾಚದೆ ಹೇಳುತ್ತಾನೆ, ಗೆಲುವು ನಿನ್ನದಾಗಲಿ ಎಂದು ಹರಸುತ್ತಾನೆ, ಕೇಳಿದಾಗ ತನ್ನನ್ನು ಸೋಲಿಸುವ ಬಗೆ ಯಾವುದೆಂಬುದನ್ನೂ ತಿಳಿಸುತ್ತಾನೆ. ಹಳಗನ್ನಡ ಕಾವ್ಯಗಳು ಜೋಳವಾಳಿ ಎಂದು ಕರೆಯುವ ಕಟ್ಟು, ಅಂದರೆ ಯಾರ ಜೋಳವನ್ನು ಉಂಡಿದ್ದಾನೋ ಅವನಿಗಾಗಿ ಪ್ರಾಣವನ್ನೂ ಕೊಡಬೇಕೆಂಬ ಯೋಧನ ಬಾಧ್ಯತೆ, ದ್ರೋಣನ ಬಿಲ್ಲನ್ನು ಕಟ್ಟಿಹಾಕಿತ್ತು. ಅವನ ನಾಲಗೆಯನ್ನು ಕಟ್ಟಿಹಾಕಿರಲಿಲ್ಲ. ತನ್ನ ಬಾಣಗಳನ್ನು ಶಿಷ್ಯನಿಗೆ ಕೊಡಲಾರದ ಗುರು ಸತ್ಯವನ್ನು ಕೊಡಬಲ್ಲವನಾಗಿದ್ದ, ಕೊಟ್ಟ. ಮಾಜಿ ತರಬೇತುದಾರನ ಬಳಿ ತನ್ನದೇ ಆದದ್ದು ಎಂದು ಹೇಳಬಹುದಾದ ದ್ರವ್ಯ ಇದೇ: ಆಟಗಾರನ ಬಗೆಗೆ ಅವನಿಗೆ ಗೊತ್ತಿರುವ ಸತ್ಯ, ಅದನ್ನು ಅವನ ಮುಖ ನೋಡಿ ಹೇಳುವ ಧೈರ್ಯ, ಅವನ ಪರವಾಗಿ ಇತರರ ಮುಂದೆ ನುಡಿಯಬಹುದಾದ ಸಾಕ್ಷಿ.

ಈ ಋಣ ಇತರ ತಂಡಗಳ ತರಬೇತುದಾರರ ಮೇಲೆ ಇಲ್ಲದಿರಲು ಇನ್ನೊಂದು ಕಾರಣವೂ ಇದೆ, ಅದನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ಮೂವತ್ತೊಂದು ತಂಡಗಳು ಒಬ್ಬ ಆಟಗಾರನನ್ನು ದಾಟಿಹೋದರೆ ಅದು ಬರಿಯ ಆಯ್ಕೆ. ಅವನನ್ನು ನಾಲ್ಕು ವರ್ಷ ಹತ್ತಿರದಿಂದ ಕಂಡವನು ದಾಟಿಹೋದರೆ ಅದು ಸಾಕ್ಷ್ಯವಾಗುತ್ತದೆ. ಅಭ್ಯಾಸದ ಮೈದಾನದಲ್ಲಿ, ಗಾಯದ ಕೋಣೆಯಲ್ಲಿ, ಸೋಲಿನ ಮರುದಿನ ಆ ಹುಡುಗ ಹೇಗಿರುತ್ತಾನೆಂಬುದು ಅವನಿಗೆ ಗೊತ್ತು. ಹಾಗೆ ಗೊತ್ತಿದ್ದೂ ಬೇಡವೆಂದನಲ್ಲ ಎಂದು ಉಳಿದವರು ಓದಿಕೊಳ್ಳುತ್ತಾರೆ. ಕ್ಯಾರಲ್ ಅವರು ತಮ್ಮ ಕಾಲೇಜು ದಿನಗಳಲ್ಲಿ ಸ್ವತಃ ಸೇಫ್ಟಿಯಾಗಿ ಆಡಿದವರು ಎಂಬುದರಿಂದ ಮೇಸ್ ಅವರ ವಿಷಯದಲ್ಲಿ ಈ ಓದಿಗೆ ಇನ್ನಷ್ಟು ಬಲ ಬಂದಿರಲೇಬೇಕು. ಆಡದ ಮಾತೂ ಹೀಗೆ ಆಟಗಾರನನ್ನು ಕೆಳಕ್ಕೆ ತಳ್ಳಬಲ್ಲುದಾದರೆ, ಆಯ್ಕೆಯ ದಿನಕ್ಕೆ ಮುಂಚೆಯೇ ಅವನನ್ನು ಕರೆದು, ನಮ್ಮ ಯೋಜನೆಯಲ್ಲಿ ನೀನು ಇಲ್ಲ, ಕಾರಣ ಇದು, ಇದನ್ನು ತಿದ್ದಿಕೊಂಡರೆ ಇಂಥ ತಂಡಗಳಿಗೆ ನೀನು ಹೊಂದುತ್ತೀ ಎಂದು ಹೇಳುವುದು ಸೌಜನ್ಯದ ಮಾತಷ್ಟೇ ಆಗಿ ಉಳಿಯುವುದಿಲ್ಲ. ತನ್ನಿಂದ ಆಗಲಿರುವ ಹಾನಿಗೆ ಮುಂಚಿತವಾಗಿ ಸಲ್ಲಿಸಬೇಕಾದ ಪರಿಹಾರವಾಗುತ್ತದೆ. ಡ್ರಾಫ್ಟಿನಲ್ಲಿ ಗುಟ್ಟು ಮುಖ್ಯ, ಯೋಜನೆಯನ್ನು ಮೊದಲೇ ಬಿಟ್ಟುಕೊಟ್ಟರೆ ಎದುರಾಳಿಗಳು ಲಾಭ ಪಡೆಯುತ್ತಾರೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಯಾರನ್ನು ಆರಿಸುತ್ತೇವೆಂಬುದನ್ನು ಗುಟ್ಟಾಗಿಟ್ಟೂ, ನಿನ್ನ ಆಟದಲ್ಲಿ ನನಗೆ ಕಾಣುವ ಕೊರತೆ ಇದು ಎಂದು ಹೇಳಲು ಯಾವ ಅಡ್ಡಿಯೂ ಇಲ್ಲ.

ಹಾಗಾದರೆ ಆಯ್ಕೆಯಲ್ಲಿ ಹಳೆಯ ನಂಟಿಗೆ ಸ್ವಲ್ಪವೂ ಜಾಗವಿಲ್ಲವೇ? ತೂಕ ಸಮವಾಗಿರುವ ಕಡೆ, ತೆರಬೇಕಾದ ಬೆಲೆ ಅಲ್ಪವಾಗಿರುವ ಕಡೆ ಇದೆ. ಅದೇ 2010ರಲ್ಲಿ ಕ್ಯಾರಲ್ ಅವರು ಆರನೆಯ ಸುತ್ತಿನಲ್ಲಿ ತಮ್ಮ ಹಳೆಯ ವಿಶ್ವವಿದ್ಯಾಲಯದ ಆ್ಯಂಥನಿ ಮೆಕಾಯ್ ಅವರನ್ನು ಆರಿಸಿದರು. ಎರಡು ಋತುಗಳಿಂದ ಲೀಗಿನಿಂದಲೇ ಹೊರಗಿದ್ದ ಹಳೆಯ ಶಿಷ್ಯ ಮೈಕ್ ವಿಲಿಯಮ್ಸ್ ಅವರಿಗೆ ಪರೀಕ್ಷೆಯ ಅವಕಾಶ ಕೊಟ್ಟರು, ವಿಲಿಯಮ್ಸ್ ಅವರು ಆ ವರ್ಷ 65 ಬಾರಿ ಚೆಂಡು ಹಿಡಿದು ಆಟಕ್ಕೆ ಮರಳಿದರು. ಇನ್ನೊಬ್ಬ ಶಿಷ್ಯ ಲೆಂಡೇಲ್ ವೈಟ್ ಅವರನ್ನು ಡ್ರಾಫ್ಟಿನ ದಿನಗಳಲ್ಲೇ ಬೇರೆ ತಂಡದಿಂದ ಕರೆತಂದು, ಮೇ ತಿಂಗಳು ಮುಗಿಯುವುದರೊಳಗೆ ಬಿಟ್ಟುಕೊಟ್ಟರು. ವಿಲಿಯಮ್ಸ್, ವೈಟ್ ಅವರ ಪ್ರಸಂಗಗಳೆರಡನ್ನೂ ಒಟ್ಟಿಗೆ ನೋಡಬೇಕು. ಬಾಗಿಲನ್ನು ತೆರೆಯುವುದು ನಿಷ್ಠೆಗೆ ಸಾಧ್ಯ. ಒಳಗೆ ಉಳಿಸಿಕೊಳ್ಳುವುದು ಆಟದ ಕೆಲಸ.

ಫಲಿತಾಂಶದಿಂದ ನೀತಿಯನ್ನು ಅಳೆಯುವ ಆತುರ ಈ ವಿಷಯದಲ್ಲಿ ಬಹಳ. 2014ರ ಜನವರಿ 19ರಂದು ಸಿಯಾಟಲ್‌ನಲ್ಲಿ ನಡೆದ ಪಂದ್ಯದ ಕೊನೆಯ ಅರ್ಧ ನಿಮಿಷವನ್ನು ತೆಗೆದುಕೊಳ್ಳಬಹುದು. ಆತಿಥೇಯರು 23–17ರಿಂದ ಮುಂದಿದ್ದರು. ಸ್ಯಾನ್ ಫ್ರಾನ್ಸಿಸ್ಕೊದ ಕಾಲಿನ್ ಕೆಪರ್ನಿಕ್ ಅವರು ಗೆಲುವಿಗಾಗಿ ಮೂಲೆಗೆ ಎಸೆದ ಚೆಂಡನ್ನು ರಿಚರ್ಡ್ ಶೆರ್ಮನ್ ಅವರು ಹಾರಿ ಎಡಗೈಯಿಂದ ಹಿಂದಕ್ಕೆ ತಟ್ಟಿದರು, ತಟ್ಟಿದ ಚೆಂಡನ್ನು ಮಾಲ್ಕಮ್ ಸ್ಮಿತ್ ಅವರು ಹಿಡಿದರು, ಪಂದ್ಯ ಮುಗಿಯಿತು. ಶೆರ್ಮನ್ ಅವರು ಸ್ಟ್ಯಾನ್‌ಫರ್ಡ್‌ನಲ್ಲಿ ಆಡಿದ್ದು ಎದುರಾಳಿ ತರಬೇತುದಾರ ಜಿಮ್ ಹಾರ್ಬಾ ಅವರ ಕೈಕೆಳಗೆ. 2011ರ ಡ್ರಾಫ್ಟಿನಲ್ಲಿ ಹಾರ್ಬಾ ಅವರ ತಂಡವೂ ಸೇರಿ ಎಲ್ಲರೂ ಹಲವು ಸುತ್ತು ದಾಟಿಹೋದ ಮೇಲೆ ಐದನೆಯ ಸುತ್ತಿನಲ್ಲಿ ಅವರನ್ನು ಆರಿಸಿಕೊಂಡದ್ದು ಸಿಯಾಟಲ್. ಸ್ಮಿತ್ ಅವರು ಕ್ಯಾರಲ್ ಅವರ ಹಳೆಯ ಶಿಷ್ಯ, ಅದೇ ವರ್ಷ ಏಳನೆಯ ಸುತ್ತಿನಲ್ಲಿ 242ನೆಯ ಆಯ್ಕೆಯಾಗಿ ಬಂದವರು. ಎರಡು ವಾರಗಳ ನಂತರ ಸಿಯಾಟಲ್ 43–8ರಿಂದ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಾಗ ಅದರ ಶ್ರೇಷ್ಠ ಆಟಗಾರನೆನಿಸಿದವರೂ ಅವರೇ. ಅದೇ ರಕ್ಷಣಾ ಪಂಕ್ತಿಯಲ್ಲಿ ಮೇಸ್ ಅವರ ಬದಲಿಗೆ ಬಂದಿದ್ದ ಅರ್ಲ್ ಥಾಮಸ್ ಅವರಿದ್ದರು, ಮೇಸ್ ಅವರಂತೆಯೇ ಭಾರಿ ಮೈಕಟ್ಟಿನ ಸೇಫ್ಟಿಯಾಗಿ 2010ರ ಐದನೆಯ ಸುತ್ತಿನಲ್ಲಿ ಆಯ್ಕೆಯಾಗಿದ್ದ ಕ್ಯಾಮ್ ಚಾನ್ಸಲರ್ ಅವರೂ ಇದ್ದರು. ಶಿಷ್ಯನನ್ನು ನಂಬಿದ್ದು ಸರಿಯೆಂದೂ, ಶಿಷ್ಯನನ್ನು ಬಿಟ್ಟದ್ದು ಸರಿಯೆಂದೂ, ಬಿಟ್ಟದ್ದು ತಪ್ಪೆಂದೂ ಈ ಒಂದೇ ಆಟದಿಂದ ವಾದಿಸಬಹುದು. ಆದ್ದರಿಂದಲೇ ಅದು ಯಾವುದನ್ನೂ ಸಾಧಿಸುವುದಿಲ್ಲ. ಥಾಮಸ್ ಅವರು ಲೀಗಿನ ಅತ್ಯುತ್ತಮ ಸೇಫ್ಟಿಗಳಲ್ಲಿ ಒಬ್ಬರಾದದ್ದು ಕ್ಯಾರಲ್ ಅವರ ಕಣ್ಣು ಸೂಕ್ಷ್ಮವೆಂದು ತೋರಿಸುತ್ತದೆ. ಮೇಸ್ ಅವರಿಗೆ ಸಲ್ಲಬೇಕಾಗಿದ್ದ ಮಾತು ಸಂದಿತೇ ಎಂಬುದಕ್ಕೆ ಅದು ಉತ್ತರವಲ್ಲ.

ಮಾತಿನ ಋಣ ಅತ್ಯಂತ ಭಾರವಾಗುವುದು ಉಳಿಯಬೇಕೋ ಹೊರಡಬೇಕೋ ಎಂಬ ಸಲಹೆಯಲ್ಲಿ. 2009ರ ಜನವರಿಯಲ್ಲಿ ಕ್ವಾರ್ಟರ್‌ಬ್ಯಾಕ್ ಮಾರ್ಕ್ ಸ್ಯಾಂಚೆಜ್ ಅವರು, ಇನ್ನೂ ಒಂದು ವರ್ಷ ಆಡುವ ಅವಕಾಶವಿದ್ದರೂ, ಡ್ರಾಫ್ಟಿಗೆ ಹೋಗಲು ನಿರ್ಧರಿಸಿದಾಗ ಕ್ಯಾರಲ್ ಅವರು ಪತ್ರಿಕಾಗೋಷ್ಠಿಯಲ್ಲೇ ಆ ನಿರ್ಧಾರಕ್ಕೆ ತಮ್ಮ ಒಪ್ಪಿಗೆಯಿಲ್ಲವೆಂದು ಬಹಿರಂಗವಾಗಿ ಹೇಳಿದರು. ಸ್ಯಾಂಚೆಜ್ ಅವರು ಐದನೆಯ ಆಯ್ಕೆಯಾಗಿ ನ್ಯೂಯಾರ್ಕ್ ಜೆಟ್ಸ್ ಸೇರಿ, ಮೊದಲ ಎರಡು ಋತುಗಳಲ್ಲೂ ತಂಡವನ್ನು ಸೂಪರ್ ಬೌಲಿನ ಹಿಂದಿನ ಪಂದ್ಯದವರೆಗೆ ಕೊಂಡೊಯ್ದರು. ಸಲಹೆ ತಪ್ಪಾಗಿದ್ದಿರಬಹುದು, ಆದರೆ ಅದು ಬಿಚ್ಚುಮನಸ್ಸಿನದು ಎಂಬ ಕಾರಣಕ್ಕೆ ಗೌರವಕ್ಕೆ ಅರ್ಹವಾದದ್ದು. ತೊಡಕು ಇರುವುದು ಬೇರೆ ಕಡೆ: ಹುಡುಗನು ಉಳಿಯುವುದರಿಂದ ತರಬೇತುದಾರನಿಗೇ ಲಾಭವಿರುವಾಗ, ಉಳಿಯುವುದು ನಿನಗೆ ಒಳ್ಳೆಯದು ಎಂಬ ಮಾತಿನಲ್ಲಿ ಎರಡು ಹಿತಗಳು ಹೆಣೆದುಕೊಂಡಿರುತ್ತವೆ, ಆಡುವವನಿಗೇ ಅವು ಬೇರ್ಪಡಿಸಿ ಕಾಣುವುದಿಲ್ಲ. ಅದೇ ಚಳಿಗಾಲದಲ್ಲಿ ಮೇಸ್ ಅವರು ಉಳಿದರು. ಒಂದು ವರ್ಷದ ಬಳಿಕ ಕ್ಯಾರಲ್ ಅವರೇ ಹೊರಟರು. ಮೇಸ್ ಅವರ ನಿರ್ಧಾರ ಯಾರ ಸಲಹೆಯಿಂದ ಆಯಿತೆಂಬುದು ಇಲ್ಲಿ ಮುಖ್ಯವಲ್ಲ. ಇತರರನ್ನು ಉಳಿಯಿರೆಂದು ಹೇಳುವ ಸ್ಥಾನದಲ್ಲಿದ್ದು, ತಾನು ಹೊರಡುವ ಸ್ವಾತಂತ್ರ್ಯವನ್ನು ಕೈಯಲ್ಲಿಟ್ಟುಕೊಂಡವನು, ತನ್ನನ್ನು ನಂಬಿ ಉಳಿದವರ ವಿಷಯದಲ್ಲಿ ಸಾಮಾನ್ಯಕ್ಕಿಂತ ಹೆಚ್ಚಿನ ಸತ್ಯನಿಷ್ಠೆಗೆ ಕಟ್ಟುಬೀಳುತ್ತಾನೆ ಎಂಬುದು ಮುಖ್ಯ.

ನಿಷ್ಠೆಯನ್ನು ಕುರಿತು 1908ರಲ್ಲಿ ಇಡೀ ಗ್ರಂಥವನ್ನೇ ಬರೆದ ಜೊಸಾಯ ರಾಯ್ಸ್ ಅವರು ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಹಾರ್ವರ್ಡ್‌ನಲ್ಲಿ ಕಲಿಸಿದ ತತ್ವಜ್ಞಾನಿ. ಅವರ ಪ್ರಕಾರ ನಿಷ್ಠೆಯೆಂದರೆ ವ್ಯಕ್ತಿಯೊಬ್ಬನಿಗೆ ಅಂಟಿಕೊಳ್ಳುವುದಲ್ಲ, ತಾನಾಗಿ ಒಪ್ಪಿದ ಧ್ಯೇಯವೊಂದಕ್ಕೆ ಪೂರ್ಣವಾಗಿ, ಕ್ರಿಯೆಯಲ್ಲಿ, ತನ್ನನ್ನು ಒಪ್ಪಿಸಿಕೊಳ್ಳುವುದು. ಹಾಗೆ ನೋಡಿದರೆ ತರಬೇತುದಾರನೂ ಆಟಗಾರನೂ ಒಂದು ಕಾಲದಲ್ಲಿ ಒಂದೇ ಧ್ಯೇಯಕ್ಕೆ ನಿಷ್ಠರಾಗಿದ್ದರು. ಈಗ ಧ್ಯೇಯಗಳು ಬೇರೆಯಾಗಿವೆ. ಇಷ್ಟಕ್ಕೇ ನಿಲ್ಲಿಸಿದರೆ ಹಳೆಯ ಬಾಧ್ಯತೆ ಮುಗಿಯಿತೆಂದು ಹೇಳಬೇಕಾಗುತ್ತದೆ. ರಾಯ್ಸ್ ಅವರು ಅಲ್ಲಿಗೆ ನಿಲ್ಲಿಸುವುದಿಲ್ಲ. ಎಲ್ಲ ಧ್ಯೇಯಗಳಿಗೂ ಮೇಲೆ ಅವರು ಇಡುವುದು ನಿಷ್ಠೆಗೇ ತೋರುವ ನಿಷ್ಠೆಯನ್ನು, ಅಂದರೆ ಲೋಕದಲ್ಲಿ ಜನರಿಗಿರುವ ನಿಷ್ಠರಾಗುವ ಶಕ್ತಿಯು ತನ್ನ ನಡೆಯಿಂದ ಹೆಚ್ಚಬೇಕೇ ಹೊರತು ಕುಂದಬಾರದು ಎಂಬ ಕಾಳಜಿಯನ್ನು. ಹದಿನೆಂಟರ ವಯಸ್ಸಿನಲ್ಲಿ ಒಂದು ತಂಡಕ್ಕೆ ಮೈಮನಸ್ಸುಗಳನ್ನು ಒಪ್ಪಿಸಿದ ಹುಡುಗನು, ತನಗೆ ಹೇಳಿದ್ದೆಲ್ಲ ಬಳಸಿಕೊಳ್ಳಲು ಹೇಳಿದ್ದು ಎಂದು ಇಪ್ಪತ್ತೆರಡರಲ್ಲಿ ಅರಿತರೆ, ಮುಂದೆ ಯಾವ ತಂಡಕ್ಕೂ ಅವನು ಹಾಗೆ ಒಪ್ಪಿಸಿಕೊಳ್ಳಲಾರ. ಸರದಿ ತಪ್ಪಿದ್ದರಿಂದ ಅವನಿಗಾಗುವ ನಷ್ಟ ಹಣದ್ದು; ಮಾತು ಸುಳ್ಳಾದುದರಿಂದ ಆಗುವ ನಷ್ಟ ನಂಬುವ ಶಕ್ತಿಯದು, ಮತ್ತು ಅದನ್ನು ಯಾವ ಒಪ್ಪಂದವೂ ತುಂಬಿಕೊಡಲಾರದು.

ಇಂದಿನ ಸನ್ನಿವೇಶ 2010ರದಲ್ಲ. ಆಟಗಾರರು ಜಾಹೀರಾತಿನಿಂದ ಗಳಿಸುತ್ತಾರೆ, 2025ರಿಂದ ವಿಶ್ವವಿದ್ಯಾಲಯಗಳೇ ಅವರಿಗೆ ನೇರವಾಗಿ ಹಣ ಕೊಡತೊಡಗಿವೆ, ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗುವುದೂ ಸುಲಭವಾಗಿದೆ. ಇದರಿಂದ ಉಪಕಾರದ ಋಣ ಸ್ವಲ್ಪ ಹಗುರಾಗಿದೆ. ಮಾತಿನ ಋಣ ಹಗುರಾಗಿಲ್ಲ. 2024ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟು ಲಾಸ್ ಏಂಜಲೀಸ್ ಚಾರ್ಜರ್ಸ್ ತಂಡಕ್ಕೆ ಬಂದ ಜಿಮ್ ಹಾರ್ಬಾ ಅವರಿಗೆ, ಜಸ್ಟಿನ್ ಹರ್ಬರ್ಟ್ ಅವರಂಥ ಕ್ವಾರ್ಟರ್‌ಬ್ಯಾಕ್ ಆಗಲೇ ಇದ್ದುದರಿಂದ, ತಮ್ಮ ಶಿಷ್ಯ ಜೆ. ಜೆ. ಮೆಕಾರ್ತಿ ಅವರು ಬೇಕಾಗಿರಲಿಲ್ಲ. ಐದನೆಯ ಸರದಿಯನ್ನು ಅವರು ಬೇರೊಬ್ಬರಿಗೆ ಬಳಸಿದರು. ಆದರೆ ಡ್ರಾಫ್ಟಿಗೆ ಮುಂಚೆಯೇ, ಆ ವರ್ಷದ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಮೆಕಾರ್ತಿ ಅವರೇ ಶ್ರೇಷ್ಠರೆಂದು ತಮ್ಮ ಹೆಸರನ್ನು ಪಣಕ್ಕಿಟ್ಟು ಎಲ್ಲರ ಮುಂದೆ ಹೇಳಿದ್ದರು. ಮೆಕಾರ್ತಿ ಅವರು ಹತ್ತನೆಯ ಆಯ್ಕೆಯಾಗಿ ಮಿನೆಸೋಟ ಸೇರಿದರು. ಸ್ವಂತ ದ್ರವ್ಯದಿಂದ ಋಣ ತೀರಿಸುವುದೆಂದರೆ ಇದು. ಇದಕ್ಕೂ ಒಂದು ಎಲ್ಲೆಯಿದೆ, ಅದನ್ನು ಕಾಯುವುದು ಸುಲಭವಲ್ಲ: ಹೊಗಳಿಕೆಯು ಗುರುವಿನ ನಿಜವಾದ ಅಭಿಪ್ರಾಯವಾಗಿದ್ದರೆ ಮಾತ್ರ ಅದು ಸಾಕ್ಷಿ. ಪ್ರೀತಿಯಿಂದಲೇ ಆದರೂ ಒಬ್ಬ ಶಿಷ್ಯನನ್ನು ಇರುವುದಕ್ಕಿಂತ ಹೆಚ್ಚಿಸಿ ಹೇಳಿದ ತರಬೇತುದಾರನ ಮಾತನ್ನು ಮುಂದಿನ ವರ್ಷ ಯಾವ ತಂಡವೂ ನಂಬುವುದಿಲ್ಲ; ಆಗ ನಷ್ಟವಾಗುವುದು ಅವನ ಕೈಕೆಳಗಿನಿಂದ ಬರುವ ಮುಂದಿನ ಹುಡುಗನಿಗೆ, ತನ್ನ ನಿಜವಾದ ಯೋಗ್ಯತೆಯನ್ನು ಹೇಳಲು ಅವನನ್ನು ಬಿಟ್ಟು ಬೇರೆ ಯಾರೂ ಇಲ್ಲದ ಹುಡುಗನಿಗೆ.